ಮುಳುಗಡೆ ಮೇಲೆ ಫಿಸಿಕಲ್ ಥಿಯೇಟರ್ ಮಾಡಿದೆವು, ಈಗ ಅದರ ಬಗ್ಗೆ ಬರೆಯೋದು ಹೇಗೆ?

ಕೊನೇ ವರ್ಷ ಶಿವಮೊಗ್ಗ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ನಾನು ಶಿವಮೊಗ್ಗದಲ್ಲಿ ಡಿಗ್ರಿ ಕೊನೇ ವರ್ಷದ ಹುಡುಗಿ. ರಂಗಭೂಮಿ ಪೇಪರ್ ತಗೊಂಡಿರುವ ನಾವು ಏಳು ಜನ ಸೇರಿ ಇಪ್ಪತ್ತು ನಿಮಿಷದ ಒಂದು ಫಿಸಿಕಲ್ ಥಿಯೇಟರ್ ಪ್ರಯೋಗ, ಅಂದರೆ ಮಾತಿಗಿಂತ ಮೈಯಿಂದಲೇ ಹೇಳುವ ನಾಟಕ, ಮಾಡಿದೆವು. ವಿಷಯ ಶರಾವತಿ ಮುಳುಗಡೆ, ಅಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಿದ್ದು. ಬರೆದ ನಾಟಕ ಇರಲಿಲ್ಲ, ತಾಲೀಮಿನಲ್ಲೇ ಕಟ್ಟುತ್ತಾ ಹೋಗಿದ್ದು. ಮಾತು ಇಲ್ಲವೇ ಇಲ್ಲ ಅನ್ನಬಹುದು. ಉಸಿರು, ಹೆಜ್ಜೆ ಸದ್ದು, ನಡುವೆ ಒಂದು ಕಡೆ ಒಬ್ಬಳು ಸಣ್ಣಗೆ ಗುನುಗುತ್ತಾಳೆ, ಅಷ್ಟೇ. ವೇದಿಕೆ ಬೇಡ ಅಂತ ಕಾಲೇಜಿನ ಒಳಾಂಗಳದಲ್ಲಿ ಮಾಡಿದೆವು, ಜನ ಮೂರು ಕಡೆ ನೆಲದ ಮೇಲೆ ಕೂತು ನೋಡಿದರು.

ಈಗ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಈ ಕೆಲಸದ ಬಗ್ಗೆ ಒಂದು ಅವಲೋಕನ ಬರೆದು ಕೊಡಬೇಕು. ನಮ್ಮ ಏಳು ಜನರ ಕರಡು ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲವೂ ಒಂದೇ ಥರ ಇದೆ. ಮೊದಲು ವಾರ್ಮಪ್ ಮಾಡಿದೆವು, ಆಮೇಲೆ ಚರ್ಚೆ ಮಾಡಿದೆವು, ಎಲ್ಲರೂ ಸಹಕರಿಸಿದರು, ಒಗ್ಗಟ್ಟಿನ ಬೆಲೆ ತಿಳಿಯಿತು. ನಿಜ ಹೇಳಬೇಕು ಅಂದ್ರೆ ನಾವು ಮಾಡಿದ ಕೆಲಸ ಇದರಲ್ಲಿ ಎಲ್ಲೂ ಕಾಣಿಸುತ್ತಿಲ್ಲ. ಮೈಯಲ್ಲಿ ಆದದ್ದನ್ನು ಮಾತಿಗೆ ತರುವುದು ಹೇಗೆ ಅಂತಲೇ ಗೊತ್ತಾಗುತ್ತಿಲ್ಲ. ತಾಲೀಮಿನಲ್ಲಿ ಎಷ್ಟೋ ಸಲ ಯಾರೂ ಯೋಚಿಸೋ ಮೊದಲೇ ಏನೋ ಒಂದು ಆಗಿಬಿಡುತ್ತಿತ್ತು, ಅದನ್ನೇ ಹಿಡಿದುಕೊಂಡು ಮುಂದೆ ಹೋಗುತ್ತಿದ್ದೆವು.

ಇನ್ನೊಂದು ತಲೆನೋವು, ಯಾವ ಐಡಿಯಾ ಯಾರದ್ದು ಅನ್ನೋದು. ನೀರನ್ನು ತೋರಿಸೋಕೆ ಮೊದಲು ನೀಲಿ ಬಟ್ಟೆ ಇತ್ತು. ಆಮೇಲೆ ಅದನ್ನು ತೆಗೆದೆವು. ತೆಗೆದದ್ದು ನನ್ನ ಯೋಚನೆ ಅಂತ ಇಬ್ಬರು ಬರೆದಿದ್ದಾರೆ, ಇಬ್ಬರೂ ಸುಳ್ಳು ಹೇಳುವವರಲ್ಲ.

ಮತ್ತೆ ಲೆಕಾಕ್, ಗ್ರೊಟೊವ್‌ಸ್ಕಿ ಅಂತ ಹೊರದೇಶದ ರಂಗಗುರುಗಳ ಹೆಸರೆಲ್ಲ ಬರಬೇಕು ಅಂತಾರೆ. ಕ್ಲಾಸಿನಲ್ಲಿ ಕೇಳಿದ್ದೇವೆ, ಕೆಲವು ಅಭ್ಯಾಸ ಮಾಡಿದ್ದೇವೆ. ಆದರೆ ನಮ್ಮ ಗುಂಪಿನಲ್ಲಿ ಯಕ್ಷಗಾನ ಕಲಿತ ಹುಡುಗ ಒಬ್ಬ ಇದ್ದಾನೆ, ಅವನಿಂದ ಬಂದದ್ದೇ ಜಾಸ್ತಿ. ಅದನ್ನು ಹೇಗೆ ಬರೆಯೋದು? ಅನುಭವ ಇರುವವರು ದಯವಿಟ್ಟು ಹೇಳಿ. ಸೋಮವಾರ ಕೊಡಬೇಕು.

ರಂಗದ ಹಿಂದೆ ಬರೆದದ್ದು:

ತಂಗಿ, ನಾನು ಸಾಗರದ ಕಡೆಯವನು, ಶಾಲಾ ಮಕ್ಕಳಿಗೆ ನಾಟಕ ಮಾಡಿಸುತ್ತೇನೆ, ಇಂಥ ಬರಹಗಳನ್ನು ಓದಿ ಮಾರ್ಕ್ಸ್ ಹಾಕುವ ಕೆಲಸವನ್ನೂ ಮಾಡಿದ್ದೇನೆ. ಓದುವವರ ಕಡೆಯಿಂದ ಹೇಳುತ್ತೇನೆ. ಇಪ್ಪತ್ತು ನಿಮಿಷದ ಕಥೆ ನಮಗೆ ಬೇಡ, ನಾವು ಅದನ್ನು ನೋಡಿರುತ್ತೇವೆ. ಹತ್ತು ಸೆಕೆಂಡು ಸಾಕು. ಒಂದು ಕ್ಷಣ ಆರಿಸಿಕೊಳ್ಳಿ, ಅದು ಮೊದಲು ಹೇಗಿತ್ತು, ಯಾಕೆ ಹಾಗೇ ಉಳಿಯಲಿಲ್ಲ, ಯಾವ ಅಂಗದಿಂದ ಬದಲಾವಣೆ ಶುರುವಾಯಿತು, ನೋಡುವವರಿಗೆ ಏನು ಕಂಡಿತು, ಇಷ್ಟನ್ನು ಬಿಡದೆ ಬರೆಯಿರಿ. ಅಂಥ ಎರಡು ಕ್ಷಣ ಸಿಕ್ಕರೆ ನಿಮ್ಮ ಬರಹ ಮುಗಿದ ಹಾಗೆ.

ನೀಲಿ ಬಟ್ಟೆಯನ್ನೇ ತಗೊಳ್ಳಿ. ಅದು ಒಳ್ಳೆ ವಿಷಯ, ಅದನ್ನು "ಯಾರ ಐಡಿಯಾ" ಜಗಳದಲ್ಲಿ ಕಳೆಯಬೇಡಿ. ಬಟ್ಟೆ ಬೀಸಿದಾಗ ಜನರ ಕಣ್ಣು ಬಟ್ಟೆಯ ಮೇಲೆ ಇರುತ್ತದೆ. ಚೆಂದ ಕಾಣುತ್ತದೆ, ಆದರೆ ಮುಳುಗುವವರು ಕಾಣುವುದಿಲ್ಲ. ಬಟ್ಟೆ ಹೋದ ಮೇಲೆ ನೀರು ಇರುವುದು ಗೊತ್ತಾಗಬೇಕಾದರೆ ನಿಮ್ಮ ಮೈಯಿಂದಲೇ ಗೊತ್ತಾಗಬೇಕು. ಪಾದ ಎತ್ತಿಡುವುದು ನಿಧಾನ ಆಗುತ್ತದೆ, ಸೀರೆ ನೆರಿಗೆ ಎತ್ತಿಕೊಳ್ಳುವ ಕೈ ಬರುತ್ತದೆ, ಎದೆ ಮಟ್ಟಕ್ಕೆ ಬಂದಾಗ ಉಸಿರು ಗಿಡ್ಡ ಆಗುತ್ತದೆ, ಆಮೇಲೆ ಗದ್ದ ಮೇಲೇಳುತ್ತದೆ. ನೀವು ಇದನ್ನೇ ಮಾಡಿದಿರೋ ಬೇರೆ ಏನಾದರೂ ಮಾಡಿದಿರೋ ನನಗೆ ಗೊತ್ತಿಲ್ಲ. ಏನು ಮಾಡಿದಿರೋ ಅದನ್ನು ಇಷ್ಟು ಹತ್ತಿರದಿಂದ ಬರೆಯಿರಿ.

ಹೆಸರುಗಳ ವಿಷಯ. ನಿಮ್ಮ ಮೈಗೆ ತಟ್ಟಿದವರ ಹೆಸರು ಮಾತ್ರ ಹಾಕಿ. ಜಾಕ್ ಲೆಕಾಕ್ ಕ್ರೀಡೆ, ವ್ಯಾಯಾಮದ ಕಡೆಯಿಂದ ರಂಗಭೂಮಿಗೆ ಬಂದವರು, 1956ರಲ್ಲಿ ಪ್ಯಾರಿಸ್‌ನಲ್ಲಿ ಶಾಲೆ ತೆರೆದರು. ಮೈಯ ಬಿಗಿತಕ್ಕೆ ಏಳು ಹಂತ ಮಾಡಿ ಕಲಿಸುವುದು ಅವರದ್ದೇ. ಪೂರ್ತಿ ಸೋತು ಬಿದ್ದ ಮೈಯಿಂದ ಹಿಡಿದು ಕಲ್ಲಾಗಿ ಸೆಟೆದ ಮೈಯವರೆಗೆ. ಕ್ಲಾಸಿನಲ್ಲಿ ನೀವು ಈ ಅಭ್ಯಾಸ ಮಾಡಿದ್ದರೆ, ಮನೆ ಬಿಡುವ ದೃಶ್ಯದಲ್ಲಿ ಯಾರು ಯಾವ ಹಂತದಲ್ಲಿದ್ದರು, ಎಲ್ಲರೂ ಒಂದೇ ಹಂತದಲ್ಲಿದ್ದಾಗ ಏನಾಯಿತು, ಬೇರೆ ಬೇರೆ ಮಾಡಿದಾಗ ಏನಾಯಿತು ಅಂತ ಬರೆಯಬಹುದು. ನೀರು, ಬೆಂಕಿ, ಗಾಳಿ, ಮಣ್ಣಿನ ಚಲನೆಯನ್ನು ಮೈಗೆ ತಂದುಕೊಳ್ಳುವ ಅಭ್ಯಾಸವೂ ಆ ಶಾಲೆಯದ್ದೇ, ನಿಮ್ಮ ವಿಷಯಕ್ಕೆ ಅದು ನೇರವಾಗಿ ಬರುತ್ತದೆ. ಇನ್ನೂ ಒಂದು ಮುಖ್ಯ ವಿಷಯ. ಅಲ್ಲಿ ಮೇಷ್ಟ್ರು ಇಲ್ಲದೆ ವಿದ್ಯಾರ್ಥಿಗಳೇ ಗುಂಪು ಕಟ್ಟಿಕೊಂಡು ಚಿಕ್ಕ ಪ್ರಯೋಗ ತಯಾರು ಮಾಡಿ ಎಲ್ಲರ ಮುಂದೆ ತೋರಿಸುವ ಪದ್ಧತಿ ಇದೆ. ನೀವು ಏಳು ಜನ ಮಾಡಿದ್ದು ಅದಕ್ಕೆ ತುಂಬಾ ಹತ್ತಿರ.

ಗ್ರೊಟೊವ್‌ಸ್ಕಿ ಪೋಲೆಂಡಿನಲ್ಲಿ 1960ರ ದಶಕದಲ್ಲಿ ಸೆಟ್, ಮೇಕಪ್, ಬೆಳಕಿನ ಆಟ ಎಲ್ಲ ತೆಗೆದು, ನಟ ಮತ್ತು ನೋಡುವವರ ನಡುವೆ ಏನು ಉಳಿಯುತ್ತದೆ ಅಂತ ಹುಡುಕಿದವರು. ಆದರೆ ನೆಲದ ಮೇಲೆ ಜನ ಕೂತು ನೋಡಿದ್ದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಕಲ್ಕತ್ತೆಯ ಬಾದಲ್ ಸರ್ಕಾರ್ 1970ರ ದಶಕದಲ್ಲಿ ನಾಟಕವನ್ನು ವೇದಿಕೆಯಿಂದ ಇಳಿಸಿ ಅಂಗಳಕ್ಕೆ, ಬೀದಿಗೆ ತಂದರು. ಅವರ ನಾಟಕಗಳಲ್ಲಿ ನಟರ ಮೈಯೇ ಗೋಡೆ, ಮೈಯೇ ಗುಂಪು. ನಿಮ್ಮ ಒಳಾಂಗಳದ ಪ್ರಯೋಗದ ಪಕ್ಕ ಅವರನ್ನು ಇಟ್ಟು ಬರೆದರೆ ಸಹಜವಾಗಿ ಕೂರುತ್ತದೆ.

ಐಡಿಯಾ ಯಾರದ್ದು ಅನ್ನೋದಕ್ಕೆ ನನ್ನ ಉತ್ತರ ಇಷ್ಟು. ಸರಪಳಿಯನ್ನೇ ಬರೆಯಿರಿ. ಒಬ್ಬಳು ಬಟ್ಟೆ ಕೆಳಗಿಟ್ಟಳು, ಅದನ್ನು ನೋಡಿ ಇನ್ನೊಬ್ಬ ನಿಂತಲ್ಲೇ ನಿಂತ, ಅವನು ನಿಂತದ್ದಕ್ಕೆ ನನ್ನ ಹೆಜ್ಜೆ ಬದಲಾಯಿತು. ಗುಂಪಿನಲ್ಲಿ ಕಟ್ಟುವ ನಾಟಕ ಹುಟ್ಟುವುದೇ ಹೀಗೆ. "ನಾನು" ಅಂತ ಬರೆಯಲು ಹೆದರಬೇಡಿ, ಆ ಸರಪಳಿಯಲ್ಲಿ ನಿಮ್ಮ ಕೊಂಡಿ ಯಾವುದೋ ಅದಕ್ಕೆ ಮಾತ್ರ ಬಳಸಿ.

ಬಡಗಿನ ಹೆಜ್ಜೆ ಬರೆದದ್ದು:

ಮೇಲಿನ ಸರ್ ಹೇಳಿದ್ದೆಲ್ಲ ಒಪ್ಪಿದೆ, ಒಂದು ಬಿಟ್ಟು. ಯಕ್ಷಗಾನದ ಹುಡುಗನಿಂದಲೇ ಜಾಸ್ತಿ ಬಂದದ್ದು ಅಂತ ಪ್ರಶ್ನೆಯಲ್ಲೇ ಇದೆ, ಅದಕ್ಕೆ ಒಂದು ಸಾಲೂ ಉತ್ತರ ಇಲ್ಲ. ಪ್ಯಾರಿಸ್, ಪೋಲೆಂಡ್, ಕಲ್ಕತ್ತೆ ಎಲ್ಲ ಆಯಿತು, ತೀರ್ಥಹಳ್ಳಿ ಬರಲಿಲ್ಲ. ನಾನು ಹವ್ಯಾಸಿ, ಬಡಗುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ಉತ್ತರದ ಶೈಲಿಯಲ್ಲಿ, ಸಣ್ಣಪುಟ್ಟ ವೇಷ ಮಾಡುತ್ತೇನೆ, ಅದಕ್ಕೇ ಇದು ಮನಸ್ಸಿಗೆ ನಾಟಿತು.

ನೋಡಮ್ಮ, ನಮ್ಮಲ್ಲಿ ರಂಗದ ಮೇಲೆ ಇರುವುದು ಒಂದು ರಥ, ಅಂದರೆ ಒಂದು ಪೀಠ. ಅದೇ ಸಿಂಹಾಸನ, ಅದೇ ರಥ, ಬೇಕಾದರೆ ಅದೇ ಬೆಟ್ಟ. ಊರಿಂದ ಊರಿಗೆ ಹೋಗುವುದನ್ನು ಪ್ರಯಾಣದ ಕುಣಿತದಲ್ಲಿ ತೋರಿಸುತ್ತೇವೆ. ನೀರಾಟ ಇದೆ, ಒಂದು ತೊಟ್ಟು ನೀರು ಇಲ್ಲ. ಯುದ್ಧ ಇದೆ, ಆನೆ ಕುದುರೆ ಇಲ್ಲ. ಇದನ್ನೆಲ್ಲ ನೋಡುತ್ತಾ ಬೆಳೆದ ಜನ ನಿಮ್ಮ ಪ್ರಯೋಗ ನೋಡಿದಾಗ "ಇಲ್ಲಿ ನೀರು ಎಲ್ಲಿದೆ" ಅಂತ ಕೇಳುವುದಿಲ್ಲ. ಆ ನೋಡುವ ಅಭ್ಯಾಸ ನಿಮಗೆ ಬಂದ ಸೊತ್ತು, ಅದನ್ನು ಬರೆಯಿರಿ.

ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬೇಡಿ. ನಮ್ಮಲ್ಲಿ ಭಾಗವತರು ಪದ್ಯ ಎತ್ತುತ್ತಾರೆ, ಮದ್ದಲೆ ಚೆಂಡೆ ಇರುತ್ತದೆ, ತಾಳಕ್ಕೆ ಹೆಜ್ಜೆ ಮೊದಲೇ ಗೊತ್ತು. ಮೈಗೆ ಲಯ ಹೊರಗಿನಿಂದ ಬರುತ್ತದೆ. ನಿಮಗೆ ಭಾಗವತರಿಲ್ಲ. ಏಳು ಜನ ಒಂದೇ ಸಲ ತಿರುಗುವುದು, ಒಂದೇ ಸಲ ನಿಲ್ಲುವುದು ಹೇಗೆ ಸಾಧ್ಯ ಆಯಿತು? ಎಣಿಸಿದಿರಾ, ಉಸಿರು ಕೇಳಿಸಿಕೊಂಡಿರಾ, ಒಬ್ಬರನ್ನು ಕಣ್ಣಂಚಿನಲ್ಲಿ ನೋಡುತ್ತಿದ್ದಿರಾ? ನನಗೆ ನಿಜವಾಗಿ ತಿಳಿಯಬೇಕಾಗಿರುವುದು ಇದು. ನಾನೇ ಓದುವವನಾಗಿದ್ದರೆ ಈ ಉತ್ತರಕ್ಕೇ ಹುಡುಕುತ್ತಿದ್ದೆ.

ಆ ಹುಡುಗ ತಂದ ಹೆಜ್ಜೆ ಹಾಗೇ ಉಳಿದಿರಲಾರದು. ವೀರ ವೇಷದ ಹೆಜ್ಜೆಯಲ್ಲಿ ಎದೆ ಮೇಲೆದ್ದಿರುತ್ತದೆ, ಅದನ್ನು ಮನೆ ಸಾಮಾನು ಹೊತ್ತವನಿಗೆ ಹಾಕಿದರೆ ಹೊಂದುವುದಿಲ್ಲ. ಅದರಲ್ಲಿ ಏನನ್ನು ಬಿಟ್ಟಿರಿ, ಏನು ಉಳಿಯಿತು? ಬಹುಶಃ ಮಂಡಿ ಅಗಲಿಸಿ ಭಾರವನ್ನು ಕೆಳಗೆ ಇಟ್ಟುಕೊಳ್ಳುವ ನಿಲುವು ಉಳಿದಿರಬೇಕು. "ಜಾನಪದ ಅಂಶಗಳನ್ನು ಅಳವಡಿಸಿಕೊಂಡೆವು" ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಯಾವ ಹೆಜ್ಜೆ, ಯಾವ ದೃಶ್ಯ, ಏನು ಕಳೆದೆವು ಅಂತ ಬರೆಯಿರಿ.

ಹಿನ್ನೀರಿನಾಚೆ ಬರೆದದ್ದು:

ನಾನು ನಾಟಕದವಳಲ್ಲ. ತುಮರಿ ಕಡೆಯವಳು, ನಮ್ಮದು ಮುಳುಗಡೆ ಕುಟುಂಬ. ಈ ಚರ್ಚೆ ಕಣ್ಣಿಗೆ ಬಿತ್ತು, ಸುಮ್ನೆ ಓದಿ ಹೋಗೋಕೆ ಆಗಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು. ನಮ್ಮ ಅಜ್ಜಿ ಆಗ ಚಿಕ್ಕ ಪ್ರಾಯದವರು. ಅವರು ಹೇಳುತ್ತಿದ್ದದ್ದು ಏನಂದ್ರೆ, ನೀರು ನುಗ್ಗಿ ಬರಲಿಲ್ಲ. ನಾಟಕ, ಚಿತ್ರಗಳಲ್ಲಿ ತೋರಿಸುವ ಹಾಗೆ ಅಲೆ, ಕೂಗಾಟ ಏನೂ ಇರಲಿಲ್ಲ. ಗದ್ದೆಯಲ್ಲಿ ನೀರು ನಿಂತಿತು, ಮಳೆಗಾಲ ಅಲ್ವಾ, ಮೊದಲಿಗೆ ಅದು ವಿಶೇಷ ಅನ್ನಿಸಲೂ ಇಲ್ಲ. ಆಮೇಲೆ ಆ ನೀರು ಇಳಿಯಲಿಲ್ಲ. ತೋಟಕ್ಕೆ ಬಂತು. ಅಡಿಕೆ ಮರಗಳು ನೀರಿನಲ್ಲೇ ನಿಂತಿದ್ದವು, ತಲೆಯಲ್ಲಿ ಗೊನೆ ಹಾಗೇ ಇತ್ತು.

ಜನ ಅಳುತ್ತಾ ಕೂರಲಿಲ್ಲ ಅಂತಲೂ ಅಜ್ಜಿ ಹೇಳುತ್ತಿದ್ದರು. ಕೂರೋಕೆ ಪುರುಸೊತ್ತು ಎಲ್ಲಿ? ಹಂಚು ಇಳಿಸಬೇಕು, ತೊಲೆ ಬಿಚ್ಚಬೇಕು, ದನ ಹೊಡೆದುಕೊಂಡು ಹೋಗಬೇಕು. ಅಜ್ಜಿ ಬೀಸುವ ಕಲ್ಲನ್ನು ಬಿಡಲಿಲ್ಲ, ಒರಳು ನೆಲದಲ್ಲಿ ಹೂತಿದ್ದರಿಂದ ಅದು ಅಲ್ಲೇ ಉಳಿಯಿತು. ಹೊಸ ಜಾಗ ಅಂದರೆ ಕಾಡು. ಅಲ್ಲಿ ಮತ್ತೆ ಕಡಿದು, ಅಗೆದು, ಮನೆ ಎಬ್ಬಿಸಬೇಕು. ಎಷ್ಟೋ ಕುಟುಂಬಗಳಿಗೆ ಆ ಭೂಮಿಯ ಹಕ್ಕುಪತ್ರದ ಸಮಸ್ಯೆ ಇವತ್ತಿಗೂ ಬಗೆಹರಿದಿಲ್ಲ. ನಾವು ಈಚೆ ಉಳಿದವರು ಸಾಗರಕ್ಕೆ ಹೋಗಬೇಕಾದರೆ ಹಿನ್ನೀರು ದಾಟಿಸುವ ಅಂಬಾರಗೋಡ್ಲಿನ ಲಾಂಚಿಗೆ ಕಾಯಬೇಕಿತ್ತು, ಸೇತುವೆ ಆದದ್ದು 2025ರ ಜುಲೈಯಲ್ಲಿ. ಹಾಗಾಗಿ ಇದನ್ನು "ಹಿಂದೆ ನಡೆದ ಒಂದು ದುರಂತ" ಅಂತ ಬರೆದರೆ ನಮಗೆ ಬೇಜಾರಾಗುತ್ತದೆ.

ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಹೊರಗೆ ಕಾಣುತ್ತದೆ, ನೋಡಿದ್ದೀರಾ? ಮೊದಲು ಕಟ್ಟಿದ ಅಣೆಕಟ್ಟು, ಆಮೇಲೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದು. ನೋಡಿಲ್ಲವಾದರೆ ಒಮ್ಮೆ ಎಲ್ಲರೂ ಹೋಗಿ ಬನ್ನಿ.

ನನ್ನ ಪ್ರಶ್ನೆ ಒಂದೇ. ನೀವು ಮಾಡುವ ಮೊದಲು ಯಾರನ್ನಾದರೂ ಕೇಳಿದಿರಾ? ಕೇಳಿದ್ದರೆ ಅವರು ಹೇಳಿದ್ದರಿಂದ ನಿಮ್ಮ ಆಟದಲ್ಲಿ ಏನು ಬದಲಾಯಿತು ಅಂತ ಬರೆಯಿರಿ. ಮತ್ತೆ ನಿಮ್ಮ ಕೈಗಳು ಏನು ಮಾಡುತ್ತಿದ್ದವು? ಮುಖಕ್ಕೆ ಕೈ ಹಿಡಿದು ಅಳುವುದು ಬಿಟ್ಟು ಬೇರೆ ಏನಾದರೂ ಇತ್ತಾ?

ಕೊನೇ ವರ್ಷ ಶಿವಮೊಗ್ಗ ಬರೆದದ್ದು:

ಅಕ್ಕ, ನೀವು ಬರೆದದ್ದನ್ನು ಗುಂಪಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೇಳಿದ್ದೇವೆ. ನಮ್ಮಲ್ಲಿ ಒಬ್ಬಳ ಮನೆಯವರು ಮುಳುಗಡೆಯಾಗಿ ಶಿವಮೊಗ್ಗದ ಹತ್ತಿರ ಬಂದು ನೆಲೆಸಿದವರು. ಅವಳ ಅಜ್ಜನ ಹತ್ತಿರ ಕೂತು ಮಾತಾಡಿದೆವು. ಅವರೂ ಹಂಚು ಇಳಿಸಿದ್ದನ್ನೇ ಹೇಳಿದರು. ಮಾಡಿನ ಮೇಲೆ ಒಬ್ಬ, ಏಣಿಯಲ್ಲಿ ಒಬ್ಬ, ಕೆಳಗೆ ಸಾಲಾಗಿ ಉಳಿದವರು, ಹಂಚು ಕೈಯಿಂದ ಕೈಗೆ ಬರುತ್ತಿತ್ತಂತೆ. ಹೇಳುವಾಗ ಅವರ ಕೈ ತಾನಾಗಿಯೇ ಹಂಚು ಹಿಡಿಯುವ ಹಾಗೆ ಆಯಿತು, ಎರಡು ಅಂಗೈ ಎದುರುಬದುರು, ಬೆರಳು ಸ್ವಲ್ಪ ಬಾಗಿ. ಅದನ್ನು ನಾವೆಲ್ಲ ನೋಡಿದೆವು. ನಮ್ಮ ಪ್ರಯೋಗದ ನಡುವಿನ ಭಾಗ ಪೂರ್ತಿ ಅಲ್ಲಿಂದಲೇ ಬಂದದ್ದು.

ಎಲ್ಲರೂ ಹೇಳಿದ್ದನ್ನು ಇಟ್ಟುಕೊಂಡು ಒಂದು ಪ್ಯಾರಾ ಬರೆದಿದ್ದೇನೆ, ನೋಡಿ:

"ಹಂಚಿನ ಸಾಲಿನಲ್ಲಿ ನಾನು ನಾಲ್ಕನೆಯವಳು. ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಮೊದಲ ತಾಲೀಮುಗಳಲ್ಲಿ ಹಂಚು ದಾಟುತ್ತಾ ಹೋದಂತೆ ಅದರ ಅಳತೆ ಬದಲಾಗುತ್ತಿತ್ತು, ನನ್ನ ಕೈಗೆ ಬರುವಾಗ ಅದು ಒಂದು ತಟ್ಟೆಯಷ್ಟಾಗಿರುತ್ತಿತ್ತು. ಆಗ ಒಬ್ಬ ನಿಜವಾದ ಮಂಗಳೂರು ಹಂಚು ತಂದ. ಅದನ್ನು ಹಿಡಿದು ಸಾಕಷ್ಟು ಹೊತ್ತು ದಾಟಿಸಿದೆವು. ಭಾರ ಕೈಗೆ ಬರುವ ಮೊದಲು ಮೊಣಕೈ ಅದಕ್ಕೆ ತಯಾರಾಗುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಹಂಚನ್ನು ಪಕ್ಕಕ್ಕಿಟ್ಟ ಮೇಲೂ ಮೊಣಕೈ ಅದನ್ನು ಮರೆಯಲಿಲ್ಲ. ಲಯ ಎಣಿಕೆಯಿಂದ ಬರಲಿಲ್ಲ. ಪಕ್ಕದವಳು ಹಂಚು ಬಿಡುವಾಗ ಉಸಿರು ಬಿಡುತ್ತಿದ್ದಳು, ನಾನು ಆ ಸದ್ದಿಗೆ ಕೈ ಚಾಚುತ್ತಿದ್ದೆ. ನೀರು ಬರುವುದು ಇದೇ ಸಾಲಿನಲ್ಲಿ. ಕೈಗಳ ಕೆಲಸ ನಿಲ್ಲುವುದಿಲ್ಲ, ಆದರೆ ಸಾಲಿನ ಕೊನೆಯಲ್ಲಿ ಇರುವವರಿಂದ ಶುರುವಾಗಿ ಒಬ್ಬೊಬ್ಬರ ಹಿಮ್ಮಡಿ ನೆಲ ಬಿಡುತ್ತದೆ, ಹಂಚು ದಾಟಿಸುವ ಎತ್ತರ ಸೊಂಟದಿಂದ ಎದೆಗೆ, ಎದೆಯಿಂದ ಭುಜಕ್ಕೆ ಏರುತ್ತದೆ. ನೀಲಿ ಬಟ್ಟೆ ಆಗ ಅನಗತ್ಯ ಅನ್ನಿಸಿತು. ಬಟ್ಟೆ ಹಿಡಿಯುತ್ತಿದ್ದ ಇಬ್ಬರೂ ಸಾಲಿಗೆ ಸೇರಿಕೊಂಡರು. ಇದರಿಂದ ನನಗೆ ಸಾಮೂಹಿಕ ಪ್ರಯತ್ನದ ಮಹತ್ವ ಅರಿವಾಯಿತು."

ಬಡಗಿನ ಹೆಜ್ಜೆ ಸರ್, ನೀವು ಹೇಳಿದ ಹಾಗೇ ಆಯಿತು. ಅವನು ಮೊದಲು ತೋರಿಸಿದ ಹೆಜ್ಜೆಯಲ್ಲಿ ಎದೆ ಮೇಲಿತ್ತು, ಅದನ್ನು ಬಿಟ್ಟೆವು, ಮಂಡಿಯ ನಿಲುವು ಉಳಿಯಿತು. ಹಿಮ್ಮಡಿ ಎತ್ತಿದ ಮೇಲೂ ಮೈ ಅಲುಗಾಡದೆ ಇರಲು ಅದೇ ಆಧಾರ. ಮಂಡಿ ಬಿಗಿಯಾಗಿಟ್ಟುಕೊಂಡವರು ತೂಗಾಡುತ್ತಿದ್ದರು. ಇದಕ್ಕೆ ಬೇರೆ ಪ್ಯಾರಾ ಬರೆಯಬೇಕಾ?

ಬಡಗಿನ ಹೆಜ್ಜೆ ಬರೆದದ್ದು:

ಬೇರೆ ಪ್ಯಾರಾನೇ ಬರೆಯಿರಿ. ಆ ಹುಡುಗನನ್ನು ಕೂರಿಸಿಕೊಂಡು, ಕಲಿಸುವಾಗ ಅವನು ಯಾವ ಮಾತು ಬಳಸಿದ ಅಂತ ಕೇಳಿ ಬರೆದುಕೊಳ್ಳಿ. ಮೈಗೆ ಕಲಿಸುವವರ ಮಾತು ಬೇರೆ ಥರ ಇರುತ್ತದೆ. ಉಸಿರಿಗೆ ಕೈ ಚಾಚಿದ್ದು ಓದಿ ತುಂಬಾ ಖುಷಿಯಾಯಿತು, ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತು.

ಹಿನ್ನೀರಿನಾಚೆ ಬರೆದದ್ದು:

ಹಂಚು ತಂದು ಹಿಡಿದು ನೋಡಿದಿರಲ್ಲ, ಅಷ್ಟು ಸಾಕು ನನಗೆ. ಆ ಅಜ್ಜನಿಗೆ ಪ್ರಯೋಗ ತೋರಿಸಿದಿರಾ? ಕಾಲೇಜಿಗೆ ಬರಲು ಆಗದಿದ್ದರೆ ಅವರ ಮನೆ ಅಂಗಳದಲ್ಲೇ ಒಮ್ಮೆ ಮಾಡಿ. ನಮ್ಮ ಕಡೆ ಬರುವುದಾದರೂ ಹೇಳಿ, ಈಗ ಸೇತುವೆ ಇದೆ, ಊಟ ನಮ್ಮ ಮನೆಯಲ್ಲಿ.

ರಂಗದ ಹಿಂದೆ ಬರೆದದ್ದು:

ಯಕ್ಷಗಾನದ ಪ್ರಶ್ನೆಗೆ ಅವರು ಕೊಟ್ಟಂಥ ಉತ್ತರ ಕೊಡಲು ನನ್ನಿಂದ ಆಗುತ್ತಿರಲಿಲ್ಲ, ಅವರು ಹೇಳಿದಂತೆ ಮಾಡಿ.

ಪ್ಯಾರಾ ಚೆನ್ನಾಗಿದೆ. ಕೊನೇ ವಾಕ್ಯ ತೆಗೆಯಿರಿ. ಬಟ್ಟೆ ಹಿಡಿದಿದ್ದ ಇಬ್ಬರು ಸಾಲಿಗೆ ಸೇರಿಕೊಂಡರು ಅನ್ನುವಲ್ಲಿಗೆ ನಿಲ್ಲಿಸಿ, ಮಹತ್ವ ಅಲ್ಲೇ ಕಾಣುತ್ತದೆ. ಬಟ್ಟೆ ಯಾರ ಯೋಚನೆಯಿಂದ ಹೋಯಿತು ಅನ್ನುವ ಪ್ರಶ್ನೆಗೂ ಇದೇ ಉತ್ತರ, ಆ ಇಬ್ಬರೂ ಬೇಕಾದರೆ ತಮ್ಮ ತಮ್ಮ ಕೈಯಿಂದ ಬಟ್ಟೆ ಬಿಟ್ಟ ಕ್ಷಣವನ್ನು ಬರೆಯಲಿ, ಎರಡೂ ನಿಜವೇ ಆಗಿರುತ್ತದೆ.

ಒಂದು ಜಾಗ ಇನ್ನೂ ಖಾಲಿ ಇದೆ. ನೋಡುವವರು ಎಲ್ಲೂ ಬಂದಿಲ್ಲ. ಮೂರು ಕಡೆ ಜನ ಕೂತಿದ್ದರು ಅಂದಿರಿ. ನೆಲದ ಮೇಲೆ ಕೂತವರ ಕಣ್ಣು ನಿಮ್ಮ ಸೊಂಟದ ಮಟ್ಟಕ್ಕೆ ಬರುತ್ತದೆ. ಅಂದರೆ ಹಂಚು ಮೊದಲು ಅವರ ಕಣ್ಣಿನ ಎದುರೇ ದಾಟುತ್ತಿತ್ತು, ಆಮೇಲೆ ಅವರು ತಲೆ ಎತ್ತಿ ನೋಡಬೇಕಾಯಿತು. ಹಾಗಾದರೆ ನೀರಿನ ಮಟ್ಟ ಅವರ ತಲೆಯ ಮೇಲೆ ಹೋಯಿತು ಅಲ್ವಾ? ವೇದಿಕೆಯ ಮೇಲೆ ಮಾಡಿದ್ದರೆ ಇದು ಆಗುತ್ತಲೇ ಇರಲಿಲ್ಲ. ಇದನ್ನು ನೀವು ಬೇಕೆಂದೇ ಮಾಡಿದಿರೋ ತಾನಾಗಿ ಆಯಿತೋ, ಹೇಗಿದ್ದರೂ ಹಾಗೆಯೇ ಬರೆಯಿರಿ. ಅಲ್ಲಿ ಕೂತಿದ್ದ ಒಬ್ಬಿಬ್ಬರನ್ನು ಕೇಳಿ, ಅವರಿಗೆ ನೀರು ಕಂಡದ್ದು ಯಾವಾಗ ಅಂತ. ಅವರು ಹೇಳಿದ ಮಾತನ್ನು ತಿದ್ದದೆ ಹಾಕಿ. ನೀರೇ ಕಾಣಲಿಲ್ಲ ಅಂತ ಯಾರಾದರೂ ಹೇಳಿದರೆ ಅದನ್ನೂ ಹಾಕಿ.

ಫೋಟೋ ಇದ್ದರೆ ಮೂರು ಸಾಕು, ಹಂಚು ಸೊಂಟದಲ್ಲಿ, ಎದೆಯಲ್ಲಿ, ಭುಜದಲ್ಲಿ ಇರುವಾಗಿನದ್ದು. ಪ್ರತಿ ಫೋಟೋದ ಕೆಳಗೆ ಯಾರ ಹಿಮ್ಮಡಿ ಎದ್ದಿದೆ ಅಂತ ಒಂದೊಂದು ಸಾಲು. ಭಾನುವಾರ ಮಧ್ಯಾಹ್ನದೊಳಗೆ ಇಲ್ಲಿ ಹಾಕಿದರೆ ಪೂರ್ತಿ ಓದಿ ಸಂಜೆಗೆ ಹೇಳುತ್ತೇನೆ. ಉಳಿದ ಆರು ಜನರೂ ಹಾಕಬಹುದು.